ಸಾಯದೆ ಉಳಿದವುಗಳ ಲೆಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಬದಿಯ ಸೊಳ್ಳೆಕೋಣೆಗೆ ಎರಡು ಬಾಗಿಲು. ಒಂದನ್ನು ಮುಚ್ಚದೆ ಇನ್ನೊಂದನ್ನು ತೆಗೆಯುವಂತಿಲ್ಲ. ಅವೆರಡರ ನಡುವಿನ ಇಕ್ಕಟ್ಟಿನಲ್ಲಿ ನಿಂತು ಸೊಳ್ಳೆಯಕ್ಕ ಒದ್ದೆ ಟವೆಲ್ ಹಿಂಡುತ್ತಾರೆ, ಒಳಗೆ ಹೋಗಿ ಹತ್ತು ಪ್ಲಾಸ್ಟಿಕ್ ಕೊಳವೆಗಳ ಮೇಲೆ ಹೊದಿಸುತ್ತಾರೆ. ಒಂದೊಂದರಲ್ಲೂ ಇಪ್ಪತ್ತೈದು ಹೆಣ್ಣು ಸೊಳ್ಳೆ. ಎಷ್ಟು ಸತ್ತಿವೆ ಎಂದು ಇಣುಕಿಯೂ ನೋಡುವುದಿಲ್ಲ. ಏಳಕ್ಕೆ ಊರಿನ ಆರೋಗ್ಯ ಅಧಿಕಾರಿ ಬರುತ್ತಾರೆ, ಅವರೆದುರೇ ಎಣಿಸಬೇಕು. ಹತ್ತಕ್ಕೆ ಊರಿಗೆಲ್ಲ ಹೊಡೆಯುವ ಹೊಗೆಮದ್ದಿನ ಆದೇಶಕ್ಕೆ ಸಹಿ ಬೀಳುತ್ತದೆ. ಅಷ್ಟರೊಳಗೆ ಈ ಹೆಂಗಸು ಒಂದೇ ಒಂದು ಮಾತನ್ನು ರುಜುವಾತು ಮಾಡಬೇಕು: ಬೀದಿಯ ಸೊಳ್ಳೆ ಆ ಮದ್ದಿಗೆ ಸಾಯುತ್ತಿಲ್ಲ.

ಹತ್ತೊಂಬತ್ತು ವರ್ಷದಿಂದ ಅಕ್ಕ ಇಲ್ಲಿ ಮದ್ದಿನ ಪರೀಕ್ಷೆಗೆಂದು ಸೊಳ್ಳೆ ಸಾಕುತ್ತಿದ್ದಾರೆ. ಇವತ್ತಿಗೂ ದಿನಗೂಲಿ. ಮೂವತ್ತು ಪಂಜರ, ಮರಿಹುಳ ತುಂಬಿದ ಅರವತ್ತು ತಟ್ಟೆ, ದಿನಕ್ಕೆರಡು ಸಲ ಸಕ್ಕರೆ ನೀರು. ಗಾಜಿನ ನಳಿಕೆಯನ್ನು ಬಾಯಿಗಿಟ್ಟು ಸೊಳ್ಳೆಯನ್ನು ಹೀರಿ ಹಿಡಿಯುತ್ತಾರೆ, ನಡುವೆ ಬಲೆಯ ತುಂಡು ಇರುವುದರಿಂದ ಅದು ಗಂಟಲಿಗೆ ಇಳಿಯುವುದಿಲ್ಲ. ರಕ್ತ ಕುಡಿಸುವ ಯಂತ್ರ ಬರುವವರೆಗೆ ತಮ್ಮ ಮುಂಗೈಯನ್ನೇ ಪಂಜರದೊಳಗೆ ಇಡುತ್ತಿದ್ದರಂತೆ. “ನಿನ್ನ ರಕ್ತ ಹಂಚಿಕೊಂಡ ಸಂಬಂಧಿಕರು ನನ್ನ ಕಡೆಯವರಿಗಿಂತ ಜಾಸ್ತಿ ಅಂತಾರೆ ನಮ್ಮನೆಯವರು,” ಎಂದು ನಗುತ್ತಾರೆ. ಆ ನಗು ಕೊಳವೆಗಳತ್ತ ಕಣ್ಣು ಹೋಗುತ್ತಲೇ ಆರುತ್ತದೆ.

ಕೋಣೆಯಲ್ಲಿರುವ ಸೊಳ್ಳೆಗಳಲ್ಲಿ ಎರಡು ಜಾತಿಯಿಲ್ಲ, ಎರಡು ಚರಿತ್ರೆಯಿದೆ. ಎಡಗಡೆಯವನ್ನು ಅಕ್ಕ ‘ಮುದ್ದಿನವು’ ಎನ್ನುತ್ತಾರೆ. ಇನ್ನೂರು ತಲೆಮಾರು ಇಲ್ಲೇ ಹುಟ್ಟಿ, ಇಲ್ಲೇ ಸತ್ತವು, ಮದ್ದಿನ ಗಾಳಿಯೂ ಸೋಕದವು. ಬಲಗಡೆಯವು ಬೀದಿಯವು. ಅಕ್ಕ ತಮ್ಮ ತಂಗಿಯಿರುವ ಬೀದಿಯ ಬಕೆಟ್ಟು, ಹಳೇ ಟಯರು, ಹೂಕುಂಡದ ತಟ್ಟೆಗಳಿಂದ ಮರಿಹುಳಗಳನ್ನು ತಂದು ಬೆಳೆಸಿದ್ದು. ಹನ್ನೆರಡು ವರ್ಷದಿಂದ ಒಂದೇ ಮದ್ದಿನ ಹೊಗೆ ಕುಡಿದು ಬದುಕಿದವರ ಸಂತಾನ.

ಎರಡು ತಿಂಗಳ ಹಿಂದೆ ಅಕ್ಕ ಬೀದಿಯವುಗಳ ಮೇಲೆ ಮದ್ದು ಪರೀಕ್ಷಿಸಿದರು. ಅರ್ಧಕ್ಕಿಂತ ಹೆಚ್ಚು ಬದುಕಿಕೊಂಡವು. ಹಾಗೆಂದು ಬರೆದು ಕೊಟ್ಟರೆ, ನಿಮಗೆ ಎಣಿಸಲು ಬರುವುದಿಲ್ಲ ಎಂದಿತು ಮೇಲಿನ ಕಚೇರಿ. ಅಲ್ಲಿಂದ ಇಸ್ತ್ರಿ ಅಂಗಿಯವರೊಬ್ಬರು ಬಂದರು, ಕೈಗೆ ಹತ್ತಿರವಿದ್ದ ಪಂಜರದಿಂದ ಸೊಳ್ಳೆ ಹಿಡಿದರು. ಅದು ಮುದ್ದಿನವುಗಳ ಪಂಜರ. ಅಕ್ಕ ಬಾಯಿ ತೆರೆದರೆ ಸುಮ್ಮನಿರಿ ಎಂದರು. ನೂರಕ್ಕೆ ನೂರೂ ಸತ್ತವು. ‘ಮದ್ದು ಪರಿಣಾಮಕಾರಿ’ ಎಂದು ವರದಿಯಾಯಿತು. ಪಂಜರದ ಗಿಳಿಗೆ ಕಲ್ಲು ಹೊಡೆದು ಬೇಟೆಗಾರನಾದೆ ಎಂದ ಹಾಗೆ! ಓದಿದವನು ತಪ್ಪು ಸೊಳ್ಳೆ ಹಿಡಿದರೂ ವರದಿ, ದಿನಗೂಲಿಯವಳು ಸರಿ ಹೇಳಿದರೂ ಗೊಣಗಾಟ.

ಆಮೇಲೂ ತಂಗಿಯ ಬೀದಿಗೆ ಎರಡು ಸಲ ಅದೇ ಹೊಗೆ ಹೊಡೆದರು. ಈಗ ಅಲ್ಲಿ ಮನೆಮನೆಗೂ ಡೆಂಗಿ ಜ್ವರ. ತಂಗಿಯ ಒಂಬತ್ತು ವರ್ಷದ ಮಗಳು ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ನಾಲ್ಕು ದಿನದಿಂದ ಮಲಗಿದ್ದಾಳೆ.

ಸೊಳ್ಳೆಗಳು ಮದ್ದಿಗೆ ಒಗ್ಗಿಕೊಂಡವೇ ಎಂದು ಕೇಳಿದರೆ ಅಕ್ಕ ತಲೆಯಾಡಿಸುತ್ತಾರೆ. “ಒಗ್ಗೋದೇನು ಬಂತು ತಮ್ಮ, ಮದ್ದು ಕುಡಿದ ಸೊಳ್ಳೆ ಪಾಠ ಕಲಿಯುತ್ತಾ? ಸಾಯುತ್ತೆ ಅಷ್ಟೆ. ಒಂದು ತಾಯಿ ಮಕ್ಕಳೆಲ್ಲ ಒಂದೇ ಥರ ಇರ್ತಾರಾ? ಸಾವಿರದಲ್ಲಿ ಒಂದೋ ಎರಡೋ ಹುಟ್ಟುತ್ತಲೇ ಗಟ್ಟಿ ಇದ್ದವು. ಮದ್ದಿಲ್ಲದಾಗ ಆ ಗಟ್ಟಿತನವನ್ನ ಕೇಳೋರಿರಲಿಲ್ಲ. ನಾವು ಮೆತ್ತಗಿನವನ್ನೆಲ್ಲ ಗುಡಿಸಿ ಅವಕ್ಕೆ ಜಾಗ ಮಾಡಿಕೊಟ್ವಿ. ಈಗ ಬೀದಿ ತುಂಬ ಅವುಗಳ ಮೊಮ್ಮಕ್ಕಳು.”

ಅಂದರೆ ಬದಲಾದದ್ದು ಸೊಳ್ಳೆಯಲ್ಲ, ಸೊಳ್ಳೆಗಳ ಹಿಂಡು. ಇಷ್ಟು ತಿಳಿಯಲು ಪದವಿ ಬೇಕಿಲ್ಲ, ದಿನಾ ಎಣಿಸಬೇಕು.

ಏಳಕ್ಕೆ ಅಧಿಕಾರಿ ಬರುತ್ತಾರೆ. ನಿನ್ನೆ ಇದೇ ಹೊತ್ತಿಗೆ ಅವರ ಎದುರಿನಲ್ಲೇ ನಾಲ್ಕು ಕೊಳವೆ ಮುದ್ದಿನವನ್ನೂ ನಾಲ್ಕು ಕೊಳವೆ ಬೀದಿಯವನ್ನೂ ಒಂದು ಗಂಟೆ ಮದ್ದು ಸವರಿದ ಕಾಗದದ ಜೊತೆ ಇಟ್ಟು, ಆಮೇಲೆ ಒಳ್ಳೆಯ ಗಾಳಿಗೆ ಬಿಟ್ಟಿದ್ದಾರೆ. ಉಳಿದೆರಡು ಕೊಳವೆಗಳಲ್ಲಿ ಬೀದಿಯವೇ, ಆದರೆ ಅವಕ್ಕೆ ಬರೀ ಕಾಗದ. ಈ ಐವತ್ತರಲ್ಲಿ ಹತ್ತಕ್ಕಿಂತ ಹೆಚ್ಚು ಸತ್ತರೆ ಕೋಣೆಯೇ ಕೊಂದಿತು ಎಂದರ್ಥ, ಪರೀಕ್ಷೆ ರದ್ದು. ನಿನ್ನೆ ಮಧ್ಯಾಹ್ನ ಮೂರು ಗಂಟೆ ಕರೆಂಟ್ ಇರಲಿಲ್ಲ. ಫ್ಯಾನ್ ನಿಂತು ಕೋಣೆ ಕುದಿಯಿತು. ಆ ಮೂರು ಗಂಟೆಯೂ ಅಕ್ಕ ಟವೆಲ್ ನೆನೆಸಿ ಹಾಕುತ್ತಲೇ ಇದ್ದರು.

ಮದ್ದು ಸೋಕದ ಕೊಳವೆಯಿಂದಲೇ ಎಣಿಕೆ ಶುರು. ಮೊದಲನೆಯದರಲ್ಲಿ ಸತ್ತದ್ದು ಒಂದು. ಎರಡನೆಯದರ ತಳದಲ್ಲಿ ಹನ್ನೆರಡು ಬಿದ್ದಿವೆ. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು, ಮುಗೀತಲ್ಲಮ್ಮ ಎನ್ನುತ್ತಾರೆ. ಅಕ್ಕ ಉಗುರಿನಿಂದ ಕೊಳವೆಯನ್ನು ಮೆಲ್ಲಗೆ ತಟ್ಟುತ್ತಾರೆ. ಏನೂ ಅಲುಗುವುದಿಲ್ಲ. ಮತ್ತೆ ತಟ್ಟುತ್ತಾರೆ. ಒಂದು ಏಳುತ್ತದೆ. ಅದರ ಹಿಂದೆ ಮೂರು. ಆಮೇಲೆ ಏಳೂ ಒಟ್ಟಿಗೆ ಹಾರಿ ಗೋಡೆಗೆ ಕೂರುತ್ತವೆ. ತಳದಲ್ಲಿ ಉಳಿದದ್ದು ಒಂದು. ಐವತ್ತಕ್ಕೆ ಎರಡು. ಪರೀಕ್ಷೆ ರದ್ದಾಗಲಿಲ್ಲ.

ಮುದ್ದಿನವು ನೂರಕ್ಕೆ ನೂರೂ ಸತ್ತಿವೆ. ಬೀದಿಯವುಗಳಲ್ಲಿ ಸತ್ತದ್ದು ಮೂವತ್ತೆಂಟು. ಅರವತ್ತೆರಡು ಜೀವಂತ.

ಅಧಿಕಾರಿ ತಾವೇ ಎಣಿಸುತ್ತಾರೆ. ಅರವತ್ತೆರಡೇ. ಕಾಗದ ಹಳೆಯದಿರಬೇಕು ಎನ್ನುತ್ತಾರೆ. ಅದೇ ಡಬ್ಬಿಯ ಕಾಗದಕ್ಕೆ ಆ ನೂರು ಸತ್ತವಲ್ಲ ಸರ್ ಎಂದು ಅಕ್ಕ ಎಡಗಡೆ ತೋರಿಸುತ್ತಾರೆ. ಅಧಿಕಾರಿ ಎಡಗಡೆಯ ಕೊಳವೆಗಳನ್ನು ಮತ್ತೊಮ್ಮೆ ಬಗ್ಗಿ ನೋಡುತ್ತಾರೆ. “ಹಾಗಾದ್ರೆ ಇದನ್ನೇ ಡಬಲ್ ಹೊಡೆಸೋಣ ಬಿಡಮ್ಮ,” ಎನ್ನುತ್ತಾರೆ ಕೊನೆಗೆ.

“ಹೊಡೆಸಿ ಸರ್. ಅದಕ್ಕೂ ಗಟ್ಟಿ ಇರೋವನ್ನ ಆರಿಸಿ ಕೊಟ್ಟ ಹಾಗಾಗುತ್ತೆ. ಮದ್ದು ಬದಲಿಸಿ, ಬಕೆಟ್ ಕವುಚಿಸಿ. ನೀರಿಲ್ಲದಿದ್ರೆ ಎಂಥಾ ಗಟ್ಟಿಗಿತ್ತಿಯೂ ಮೊಟ್ಟೆ ಇಡೋಕಾಗಲ್ಲ.”

ಅಧಿಕಾರಿ ಫೋನ್ ತೆಗೆದು, ಹತ್ತು ಗಂಟೆಯ ಸಹಿ ಇವತ್ತು ಬೇಡ ಎನ್ನುತ್ತಾರೆ. ವರದಿಯ ಹಾಳೆಯ ‘ಎಣಿಸಿದವರು’ ಎಂಬ ಅಂಕಣದಲ್ಲಿ ಈವರೆಗೆ ಬಿದ್ದದ್ದೆಲ್ಲ ಅವರದೇ ಸಹಿ. ಅಭ್ಯಾಸಬಲದಿಂದ ಪೆನ್ನು ಇಳಿಸಿದವರು ತಡೆದು, ಹಾಳೆಯನ್ನು ಅಕ್ಕನತ್ತ ಸರಿಸುತ್ತಾರೆ. ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ತಮ್ಮ ಹೆಸರು ಬರೆಯುತ್ತಾರೆ.

ಮಹಡಿಯ ಮೇಲಿನ ಹುಡುಗಿಯ ಜ್ವರ ಇಳಿದಿಲ್ಲ. “ಅವಳಿಗೆ ಇದು ತಡವಾಯ್ತು. ಪಕ್ಕದ ಮನೆ ಮಗೂಗೆ ಆಗದಿದ್ರೆ ಸಾಕು,” ಎನ್ನುತ್ತಾರೆ ಅಕ್ಕ. ಇನ್ನೇನು ಬೇಕು ಎಂದರೆ ಬಹಳ ಯೋಚಿಸಿ, ಫ್ಯಾನಿಗೊಂದು ಬ್ಯಾಟರಿ ಎನ್ನುತ್ತಾರೆ.

ಉಳಿದ ಅರವತ್ತೆರಡನ್ನು ಒಂದೊಂದಾಗಿ ಹೀರಿ ಹೊಸ ಪಂಜರಕ್ಕೆ ಬಿಡುತ್ತಾ, ಸಕ್ಕರೆ ನೀರಿನ ಹತ್ತಿ ಇಡುತ್ತಾ ಹೇಳುತ್ತಾರೆ: “ಹೊಸ ಮದ್ದು ಬಂದಾಗ ಮೊದಲು ಇವುಗಳ ಮಕ್ಕಳನ್ನ ಕೇಳ್ಬೇಕು. ಆಗ ಯಾರಾದ್ರೂ ಆ ಎಡಗಡೆ ಪಂಜರಕ್ಕೆ ಕೈ ಹಾಕಲಿ ನೋಡೋಣ. ಇಸ್ತ್ರಿ ಅಂಗಿ ಆದ್ರೂ ಸರಿ, ಕೈ ಮೇಲೊಂದು ಏಟು ಬಿಡ್ತೀನಿ.”