ಲಕ್ಷ್ಮೀನರಸಿಂಹ ಅವರ ಸರದಿ ಪುಸ್ತಕ

ಕೊಲ್ಲಿ ದೇಶದ ಮೀನಾ ಅಲ್ ಅಹ್ಮದಿಯ ತೈಲ ಶುದ್ಧೀಕರಣ ಘಟಕದಲ್ಲಿ ಗುತ್ತಿಗೆ ಸಂಸ್ಥೆಯೊಂದರ ಪರವಾಗಿ ಇಪ್ಪತ್ತೆಂಟು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಲಕ್ಷ್ಮೀನರಸಿಂಹ ಅವರು, ಸುರಕ್ಷತಾ ಕವಾಟಗಳ ವಿಷಯದಲ್ಲಿ ಇಲ್ಲಿನ ಕನ್ನಡಿಗ ಎಂಜಿನಿಯರುಗಳಿಗೆಲ್ಲ ಹಿರಿಯರು. ಒತ್ತಡ ಮಿತಿಮೀರಿದಾಗ ತಾನಾಗಿ ತೆರೆದುಕೊಳ್ಳುವ ಈ ಕವಾಟ ತನ್ನ ಕೆಲಸ ಮಾಡಿದ ದಿನ ಯಾರೂ ಅದನ್ನು ನೆನೆಯುವುದಿಲ್ಲ. ಮಾಡದ ದಿನ ನೆನೆಯಲು ಯಾರೂ ಉಳಿದಿರುವುದಿಲ್ಲ. ಅವರ ವೃತ್ತಿಸಾಧನೆಯನ್ನು ಈ ಅಭಿನಂದನಾ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ಅದೇ ಸಂಸ್ಥೆಯ ಪ್ರಯೋಗಾಲಯದಲ್ಲಿ ರಸಾಯನತಜ್ಞನಾಗಿರುವ ನಾನು ಹದಿನೇಳು ವರ್ಷ ಅವರೊಂದಿಗೆ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋದವನು. ಆ ಕಾರಿನ ವಿಷಯವಷ್ಟೇ ನನಗೆ ಸೇರಿದ್ದು.

ಹವಲ್ಲಿಯ ನಮ್ಮ ಮನೆಗಳಿಂದ ಘಟಕಕ್ಕೆ ಮುಕ್ಕಾಲು ಗಂಟೆಯ ದಾರಿ. ಅಕ್ಕಪಕ್ಕದ ಕಟ್ಟಡಗಳ ನಾಲ್ಕು ಜನ ವಾರಕ್ಕೊಬ್ಬರಂತೆ ಸರದಿಯಲ್ಲಿ ಕಾರು ತೆಗೆಯುವ ಪದ್ಧತಿಯನ್ನು ಲಕ್ಷ್ಮೀನರಸಿಂಹ ಅವರು ೨೦೦೧ರಲ್ಲಿ ಆರಂಭಿಸಿದರು. ನೀಲಿ ರಟ್ಟಿನ ಪುಸ್ತಕವೊಂದರಲ್ಲಿ ದಿನಾಂಕ, ಯಾರ ಕಾರು, ಯಾರು ಯಾರು ಬಂದರು ಎಂಬುದನ್ನು ಪ್ರತಿದಿನ ಬರೆಯುತ್ತಿದ್ದರು. ಕಾರಿನೊಳಗೆ ದುಡ್ಡು ಕೈ ಬದಲಾಯಿಸಬಾರದು ಎಂಬುದು ಮೊದಲ ನಿಯಮ. ಹೊರದೇಶದವರ ಚಾಲನಾ ಪರವಾನಗಿ ಇಲ್ಲಿ ನೌಕರಿಗೆ ಅಂಟಿಕೊಂಡಿರುವುದರಿಂದ, ಹೊಸದಾಗಿ ಬಂದು ಇನ್ನೂ ಪರವಾನಗಿ ಸಿಗದವರೊಬ್ಬರು ಗುಂಪಿನಲ್ಲಿ ಸದಾ ಇರುತ್ತಿದ್ದರು. ಅಂಥವರು ಎಲ್ಲರಿಗೂ ತಿಂಡಿ ತರಬೇಕು ಎಂಬುದು ಎರಡನೆಯ ನಿಯಮ. ತಂದವರ ಹೆಸರಿನ ಮುಂದೆ ಪುಸ್ತಕದಲ್ಲಿ ಒಂದು ಸೊನ್ನೆ ಬೀಳುತ್ತಿತ್ತು. ೨೦೦೮ರಲ್ಲಿ ಬಂದ ನಾನು ಎಂಟು ತಿಂಗಳು ಸೊನ್ನೆಗಳನ್ನೇ ಗಳಿಸಿದೆ. ಮೂರನೆಯ ವಾರವೂ ಡಬ್ಬಿ ತೆರೆದಾಗ ಅವರು, "ಧನಂಜಯ್, ಲೈಸೆನ್ಸ್ ಇಲ್ಲ ಅಂತ ದಿನಾ ಉಪ್ಪಿಟ್ಟೇ ತಿನ್ನಿಸಬೇಕು ಅಂತೇನೂ ಕಾನೂನಿಲ್ಲಪ್ಪ" ಎಂದರು.

ಫೋನಿನಲ್ಲಿ ಟ್ಯಾಕ್ಸಿ ಕರೆಯುವ ಆ್ಯಪ್‌ಗಳು ಎಲ್ಲರಿಗೂ ರೂಢಿಯಾದ ಕಾಲದಲ್ಲಿ, ೨೦೧೭ರ ಆರಂಭದಲ್ಲಿ, ನಮ್ಮ ಕಟ್ಟಡದ ಸುಮಿತ್ ಒಂದು ಸಣ್ಣ ಆ್ಯಪ್ ಮಾಡಿದರು. ಉಡುಪಿ ಕಡೆಯವರು, ಬ್ಯಾಂಕಿನ ಕಂಪ್ಯೂಟರ್ ವಿಭಾಗದವರು. ಕಾರಿನಲ್ಲಿ ಸೀಟು ಖಾಲಿಯಿದ್ದವರು ದಾರಿಯನ್ನು ತಿಳಿಸಿದರೆ, ಅದೇ ದಾರಿಯವರು ತೆರೆಯ ಮೇಲೆ ಕಾಣುವ ಮೊತ್ತ ಕೊಟ್ಟು ಹತ್ತಬಹುದು. ನಾನು ಎರಡು ಬೆಳಗ್ಗೆ ಸಿಗ್ನಲ್ ಬಳಿ ನಿಂತು ಎಣಿಸಿದೆ: ಇನ್ನೂರು ಕಾರುಗಳಲ್ಲಿ ನೂರ ನಲವತ್ತೇಳರಲ್ಲಿ ಚಾಲಕ ಒಬ್ಬನೇ. ಇಷ್ಟು ಸ್ಪಷ್ಟವಾದ ಅಂಕಿಯ ಮುಂದೆ ಆಕ್ಷೇಪಕ್ಕೆ ಎಡೆಯಿಲ್ಲ ಎಂದು ನನಗನ್ನಿಸಿತು.

ಲಕ್ಷ್ಮೀನರಸಿಂಹ ಅವರು ತಮ್ಮ ಮನೆಯಲ್ಲಿ ನಮ್ಮಿಬ್ಬರಿಗೂ ಕಾಫಿ ಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡು, "ಆ ಮೊತ್ತದ ಕಾಲಂ ತೆಗೆದುಬಿಡಿ, ಮಿಕ್ಕಿದ್ದೆಲ್ಲ ಚೆನ್ನಾಗಿದೆ" ಎಂದರು. ಖಾಸಗಿ ಕಾರಿನಲ್ಲಿ ಬಾಡಿಗೆಗೆ ಜನರನ್ನು ಒಯ್ಯುವುದು ಇಲ್ಲಿ ಅಪರಾಧ. ಪರದೇಶಿಯಾದರೆ ಗಡೀಪಾರಿನವರೆಗೂ ಹೋಗಬಹುದು.

"ನೀವು ಬರೀ ಬ್ರೇಕ್ ಇರುವ ಕಾರು ಮಾರಾಯ್ರೆ," ಎಂದರು ಸುಮಿತ್.

"ಇಳಿಜಾರಿನಲ್ಲಿ ಅಷ್ಟೇ ಸಾಕಲ್ಲವೇನಪ್ಪ?"

ನಾನು ವಾದಿಸಲಿಲ್ಲ. ನನ್ನ ಕಾರಿನ ಸರದಿ ಬಂದು, ಉಳಿದವರೆಲ್ಲ ಬೇರೆ ಪಾಳಿಯಲ್ಲಿದ್ದ ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಅವರಿಗೆ ಹೇಳದೆ ಆ್ಯಪ್ ತೋರಿಸಿದ ಮಹಿಳೆಯೊಬ್ಬರನ್ನು ಹತ್ತಿಸಿಕೊಂಡೆ. ದಾರಿಯಲ್ಲಿದ್ದ ಆಸ್ಪತ್ರೆಯ ಬಳಿ ಅವರು ಇಳಿಯುತ್ತ ಒಂದು ದಿನಾರ್ ಕೊಟ್ಟರು. ಎದುರಿಗೇ ಪೊಲೀಸ್ ತಪಾಸಣೆಯಿತ್ತು. ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: "ಇವರ ಹೆಸರೇನು?" ಉತ್ತರಕ್ಕಾಗಿ ನಾನು ಫೋನು ನೋಡಬೇಕಾಯಿತು. ಅಲ್ಲಿಗೆ ಮುಗಿಯಿತು.

ಫೋನಿನಲ್ಲಿದ್ದ ಹೆಸರು ಲಿಜ್ಜಿ; ಆಕೆ ಆ ಆಸ್ಪತ್ರೆಯ ಪ್ರಯೋಗಾಲಯದ ಸಹಾಯಕಿ ಎಂದು ನನಗೆ ಗೊತ್ತಾದದ್ದು ಠಾಣೆಯಲ್ಲಿ. ನನ್ನ ಇಕಾಮಾ, ಅಂದರೆ ವಾಸದ ಪರವಾನಗಿ, ಮೇಜಿನ ಮೇಲಿತ್ತು. ಗಡೀಪಾರಾದವನು ಮರಳಿ ಬರುವಂತಿಲ್ಲ. ಮಗಳು ನಿಧಿ ಅದೇ ವಾರ ಹತ್ತನೆಯ ತರಗತಿಯ ಪರೀಕ್ಷೆ ಬರೆಯುತ್ತಿದ್ದಳು.

ನಾನು ಫೋನು ಮಾಡಿದ ಒಂದು ಗಂಟೆಯೊಳಗೆ ಲಕ್ಷ್ಮೀನರಸಿಂಹ ಅವರು ಬಂದರು. ಜೊತೆಯಲ್ಲಿ ಪತ್ನಿ ರಾಜಮ್ಮನವರಿದ್ದರು. ಅವರು ಏನೂ ಕೇಳದೆ ಹೋಗಿ ಲಿಜ್ಜಿಯ ಪಕ್ಕದಲ್ಲಿ ಕುಳಿತರು. ಸಂಸ್ಥೆಯ ಸರ್ಕಾರಿ ಕಾಗದಪತ್ರ ನೋಡಿಕೊಳ್ಳುವ ಫೈಝಲ್ ಅರಬ್ಬಿಗೆ ತಿರುಗಿಸಿ ಹೇಳಲು ಬಂದಿದ್ದರು. ದುಡ್ಡು ಕೊಟ್ಟದ್ದು ಸಂಬಂಧಿಕರು ಎಂದುಬಿಡೋಣ ಎಂದು ಫೈಝಲ್ ಕಿವಿಯಲ್ಲಿ ಸೂಚಿಸಿದರು. ಲಕ್ಷ್ಮೀನರಸಿಂಹ ಅವರು ಒಪ್ಪಲಿಲ್ಲ. "ಇವರು ದಿನಾರ್ ತೆಗೆದುಕೊಂಡದ್ದು ನಿಜ, ತಪ್ಪು ಇವರದೇ ಎಂದು ಮೊದಲು ಹೇಳಿ. ಆಮೇಲೆ ಇದನ್ನು ತೋರಿಸಿ" ಎಂದು ನೀಲಿ ಪುಸ್ತಕಗಳನ್ನು ಮೇಜಿನ ಮೇಲಿಟ್ಟರು. ಹದಿನಾರು ವರ್ಷಗಳ ಪುಸ್ತಕಗಳು.

ಅಧಿಕಾರಿಗೆ ಕನ್ನಡ ಓದಲು ಬಾರದು. ಹಾಳೆ ತಿರುವುತ್ತ ಹೋದಂತೆ ಮತ್ತೆ ಮತ್ತೆ ಕಾಣುವ ಸೊನ್ನೆ ಏನೆಂದು ಕೇಳಿದರು. ತಿಂಡಿ ಎಂದು ಫೈಝಲ್ ವಿವರಿಸಿದಾಗ ನನ್ನತ್ತ ನೋಡಿ, "ಇವನು ಏನು ತರುತ್ತಿದ್ದ?" ಎಂದರು. ಉಪ್ಪಿಟ್ಟಿಗೆ ಅರಬ್ಬಿಯಲ್ಲಿ ಏನನ್ನಬೇಕೆಂದು ಫೈಝಲ್ ತಡವರಿಸಿದರು. ಅಧಿಕಾರಿ ಮೊದಲ ಬಾರಿಗೆ ನಕ್ಕರು. ಕಾರು ಒಂದು ತಿಂಗಳು ಅವರ ವಶದಲ್ಲಿ ಉಳಿಯಿತು. ನಾನು ಮುಚ್ಚಳಿಕೆ ಬರೆದುಕೊಟ್ಟೆ. ಅದಕ್ಕೆ ಜಾಮೀನಾಗಿ ಸಹಿ ಹಾಕಿದವರು ಲಕ್ಷ್ಮೀನರಸಿಂಹ ಅವರು. ನಾನು ಮತ್ತೆ ತಪ್ಪಿದ್ದರೆ ಉತ್ತರಿಸಬೇಕಾದದ್ದು ಅವರ ಇಕಾಮಾ.

ಹಿಂದಿರುಗುವಾಗ ಅವರು ಬೈಯಲಿಲ್ಲ, ಕವಾಟದ ಮಾತಾಡಿದರು. ತೀರ ಕಡಿಮೆ ಒತ್ತಡಕ್ಕೆ ತೆರೆಯುವಂತೆ ಹೊಂದಿಸಿದರೆ ಘಟಕ ನಡೆಯುವುದಿಲ್ಲ, ತೀರ ಹೆಚ್ಚಿಗೆ ಹೊಂದಿಸಿದರೆ ಒಡೆಯುತ್ತದೆ. ಸರ್ಕಾರದ ನಿಯಮವೂ ಹೊಂದಿಸಬೇಕಾದ ವಸ್ತುವೇ ಹೊರತು ಕಿತ್ತೊಗೆಯಬೇಕಾದದ್ದಲ್ಲ ಎಂದರು. ಹಂಚಿಕೊಳ್ಳುವುದಕ್ಕೂ ಬಾಡಿಗೆಗೂ ಇರುವ ವ್ಯತ್ಯಾಸ ರಸ್ತೆಯಲ್ಲಿ ನಿಂತವನಿಗೆ ಕಾಣದಿದ್ದರೆ ಅದನ್ನು ಕಾಣಿಸುವುದು ನಮ್ಮ ಕೆಲಸ ಎಂಬುದು ಅವರ ನಿಲುವು. ಎರಡು ವರ್ಷ ಪತ್ರ ಬರೆದು, ಒಟ್ಟಿಗೆ ಬರುವ ನೌಕರರ ಹೆಸರುಗಳಿರುವ ಮೊಹರು ಹಾಕಿದ ಚೀಟಿಯನ್ನು ಪ್ರತಿ ಕಾರಿಗೂ ಸಂಸ್ಥೆಯಿಂದಲೇ ಕೊಡಿಸಿದರು. ಸುಮಿತ್ ಮೊತ್ತದ ಕಾಲಂ ತೆಗೆದು ಅಲ್ಲಿ 'ಪರಿಚಯಸ್ಥರೇ?' ಎಂಬ ಪ್ರಶ್ನೆ ಸೇರಿಸಿದರು. ಬಳಕೆದಾರರು ಅರ್ಧಕ್ಕಿಳಿದರು ಎಂಬುದನ್ನೂ ದಾಖಲಿಸಬೇಕು. ಎಲ್ಲ ಖಾಲಿ ಸೀಟುಗಳೂ ತುಂಬಲಿಲ್ಲ. ಲಿಜ್ಜಿ ರಾಜಮ್ಮನವರ ಮನೆಗೆ ಬಂದುಹೋಗುವವರಾಗಿ, ಬಳಿಕ ನಮ್ಮ ಕಾರಿನವರೂ ಆದರು. ಅವರು ತಂದ ಅಪ್ಪಂಗಳ ಸೊನ್ನೆಗಳು ಪುಸ್ತಕದಲ್ಲಿವೆ.

ನಿವೃತ್ತಿಯ ಕಾಗದಗಳ ಜೊತೆಗೆ ಲಕ್ಷ್ಮೀನರಸಿಂಹ ಅವರ ಚಾಲನಾ ಪರವಾನಗಿಯೂ ಕಳೆದ ವಾರ ರದ್ದಾಯಿತು. ಮರುದಿನ ನನ್ನ ಸರದಿ. ಕೊನೆಯ ಕೆಲವು ಕಾಗದಗಳಿಗೆ ಸಹಿ ಹಾಕಲು ಹೊರಟಿದ್ದ ಅವರು ಕಾರಿನ ಹಿಂದಿನ ಬಾಗಿಲು ತೆರೆದು ಕುಳಿತು, ಮಡಿಲಿನ ಡಬ್ಬಿಯನ್ನು ಮುಂದಕ್ಕೆ ಚಾಚಿದರು. ಉಪ್ಪಿಟ್ಟು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಅವರ ಹೆಸರಿನ ಮುಂದೆ ಸೊನ್ನೆ ಬಿತ್ತು. ಬರೆದವನು ನಾನು, ಪುಸ್ತಕ ಈಗ ನನ್ನ ಬಳಿಯಿದೆ.

ಹಾಸನದಲ್ಲಿ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಕವಾಟಗಳ ಪಾಠ ಹೇಳಲು ಅವರು ಒಪ್ಪಿದ್ದಾರೆ. ಆ ಪಾಠಗಳು ಬಹುಕಾಲ ನಡೆಯಲಿ, ಅವರೂ ರಾಜಮ್ಮನವರೂ ಆರೋಗ್ಯದಿಂದ ನೂರು ವರ್ಷ ಬಾಳಲಿ. ಅಲ್ಲಿ ಅವರ ಲೈಸೆನ್ಸ್ ಊರ್ಜಿತವಾಗಿದೆ, ನನ್ನದು ಅವಧಿ ಮೀರಿದೆ. ರಜೆಯಲ್ಲಿ ಅವರ ಕಾರು ಹತ್ತುವ ದಿನ ತಿಂಡಿ ನಾನೇ ಒಯ್ಯಬೇಕು.