ಇಂಗಿಲ್ಲದ ಮಜ್ಜಿಗೆ

ನೀರು ಮಜ್ಜಿಗೆಗೆ ಇಂಗು ಹಾಕಬೇಕೇ ಬೇಡವೇ ಎಂಬ ಪ್ರಶ್ನೆ ಲೋಕದ ಮಹಾ ಜಿಜ್ಞಾಸೆಗಳ ಸಾಲಿಗೆ ಇನ್ನೂ ಸೇರಿಲ್ಲವಲ್ಲ ಎನ್ನುವುದು ನನ್ನ ಬಹುದಿನಗಳ ಖೇದ. ನಾನು ಇಂಗಿನ ಪಕ್ಷದವನು. ಇಂದ್ರನಿಗೂ ಮಜ್ಜಿಗೆ ದುರ್ಲಭ ಎಂದು ಹಿರಿಯರು ಹೇಳಿದ್ದು ಇಂಗಿನ ಒಗ್ಗರಣೆ ಬಿದ್ದ ಮಜ್ಜಿಗೆಯನ್ನು ಕುರಿತೇ ಇರಬೇಕು, ಇಲ್ಲವಾದರೆ ಅಮೃತ ಕುಡಿದವನು ಅದಕ್ಕಾಗಿ ಹಲುಬುವ ಕಾರಣವೇ ಇಲ್ಲ ಎಂಬುದು ನನ್ನ ಭಾಷ್ಯ. ಹೊಸೂರಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ನಾನಿದನ್ನು ಮಂಡಿಸಿದಾಗಲೆಲ್ಲ ಎದುರು ಮೇಜಿನಿಂದ ಖಂಡನೆ ಬರುತ್ತಿತ್ತು. ಗಣಿತದ ಜಯಮ್ಮ ಟೀಚರ್ ತಲೆ ಎತ್ತದೆಯೇ, "ಇಂಗು ಸಾರಿಗೆ ಸಾರ್. ಮಜ್ಗೆಗ್ ಹಾಕ್ಬುಟ್ರೆ ಮಜ್ಗೆ ವಾಸ್ನೆ ಎಲ್ಲೋಯ್ತದೆ?" ಎನ್ನುತ್ತಿದ್ದರು. ಶುಂಠಿ, ಕರಿಬೇವು, ಒಂದು ಹಸಿಮೆಣಸಿನಕಾಯಿ, ಅಲ್ಲಿಗೆ ಅವರ ಸಿದ್ಧಾಂತ ಸಮಾಪ್ತಿ. ನಾನು ಪಟ್ಟು ಬಿಡದಿದ್ದರೆ ಇಂಗು ತಿಂದ ಮಂಗನ ಪ್ರಸ್ತಾಪ ಬರುತ್ತಿತ್ತು, ಉಳಿದ ಮೇಷ್ಟರುಗಳು ನಗುತ್ತಿದ್ದರು, ಅಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ವರ್ಷಗಟ್ಟಲೆ ನಡೆದ ಆ ವಾದದಲ್ಲಿ ಇಬ್ಬರಲ್ಲಿ ಯಾರೂ ಸೋಲಲಿಲ್ಲ.

ಈ ಇಂಗಿಲ್ಲದ ಮಜ್ಜಿಗೆಯೇ ಒಂದು ರಾಜ್ಯವನ್ನು ಕಾಯುತ್ತಿತ್ತು ಎಂದರೆ ನೀವು ನಂಬಲಾರಿರಿ. ಆದ್ದರಿಂದ ಮೊದಲು ಆ ರಾಜ್ಯದ ವೃತ್ತಾಂತ ಹೇಳಬೇಕು. ನನ್ನ ಹಳೆಯ ವಿದ್ಯಾರ್ಥಿ ದಿಲ್ಲಿಬಾಬು ಈಗ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರು. ಅವನು ಎಲ್ಲಿಂದಲೋ ಒಂದು ವೇಷದಾಟವನ್ನು ಕಲಿತು ಬಂದ. ಅದಕ್ಕೆ ರಂಗವಿಲ್ಲ, ಪ್ರೇಕ್ಷಕರಿಲ್ಲ, ಬಾಯಿಪಾಠದ ಮಾತಿಲ್ಲ. ಕಲ್ಪನೆಯ ದೇಶವೊಂದರಲ್ಲಿ ನೀವೊಂದು ಪಾತ್ರ ತೊಟ್ಟು ಬೆಳಗಿನಿಂದ ಸಂಜೆಯವರೆಗೆ ಆ ಪಾತ್ರವಾಗಿಯೇ ಬದುಕಬೇಕು, ಅಷ್ಟೇ. ರಾಯಕೋಟೆಯ ಹತ್ತಿರ ಜಯಮ್ಮನವರ ಗಂಡ ಮುನಿರಾಜುವಿನ ಮಾವಿನ ತೋಪಿತ್ತು. ಹೀಗೆ ಮೇಷ್ಟರುಗಳು, ಕಾರ್ಖಾನೆಯವರು, ಒಬ್ಬ ಔಷಧಿ ಅಂಗಡಿಯವರು, ಎಲ್ಲ ಸೇರಿ ಮೂವತ್ತು ಜನ ಪ್ರೌಢರು ಋತುವಿಗೊಂದು ಭಾನುವಾರ ಆ ತೋಪಿನಲ್ಲಿ ಮೇಘಾವತಿ ಎಂಬ ರಾಜ್ಯದ ಪ್ರಜೆಗಳಾಗತೊಡಗಿದೆವು. ನನ್ನ ಹೆಂಡತಿಯ ಮದುವೆಯ ಸೀರೆ ರಾಜನ ಉತ್ತರೀಯವಾಯಿತು. ಅವಳು ಅದನ್ನು ಇಂದಿಗೂ ಕ್ಷಮಿಸಿಲ್ಲ.

ನನ್ನ ಹೊಟ್ಟೆಯ ಸುತ್ತಳತೆ ಖಡ್ಗಧಾರಣೆಗೆ ಒಗ್ಗದ್ದರಿಂದ ನನಗೆ ಪಾತ್ರ ಸಿಗಲಿಲ್ಲ, ಪ್ರಪಂಚ ಸಿಕ್ಕಿತು. ಪ್ರತಿ ಆಟದ ಮುಂಚೆ ವಾಟ್ಸಾಪಿನಲ್ಲಿ 'ಲೋಕವಾರ್ತೆ' ಬರೆಯುವುದು ನನ್ನ ಕೆಲಸ. ಈ ಋತುವಿನಲ್ಲಿ ಮೇಘಾವತಿಗೆ ಏನು ಒದಗಲಿದೆ, ಅದರಿಂದ ಯಾರಿಗೆ ಯಾವ ಅವಕಾಶ ಎಂಬುದನ್ನು ಅದರಲ್ಲಿ ಸಾರಬೇಕು. ಮಳೆಗಾಲದಲ್ಲಿ ನದಿ ಉಕ್ಕುತ್ತದೆ, ಅಂಬಿಗರಿಗೂ ಕಳ್ಳರಿಗೂ ಅವಕಾಶ. ಚಳಿಗಾಲದಲ್ಲಿ ಗಡಿಯ ಸುಂಕದ ಕಟ್ಟೆ ಮುಚ್ಚುತ್ತದೆ, ವರ್ತಕರಿಗೂ ಗೂಢಚಾರರಿಗೂ ಅವಕಾಶ. ಮನೆಯಲ್ಲಿ ಸಾರಿನ ಉಪ್ಪಿನ ಬಗ್ಗೆಯೂ ಮಾತಿಗೆ ಬೆಲೆಯಿಲ್ಲದ ನಾನು ಅವಲಪಲ್ಲಿಯ ನಮ್ಮ ಮಾಳಿಗೆಯ ಮೇಲೆ ಕುಳಿತು, ಒಣಗಿದ ಬಟ್ಟೆಗಳ ನಡುವೆ, ಒಂದು ದೇಶಕ್ಕೆ ಪ್ರವಾಹ ಕ್ಷಾಮಗಳನ್ನು ಅನುಗ್ರಹಿಸುತ್ತಿದ್ದೆ. ಆದರೆ ನನ್ನ ಸೃಷ್ಟಿಗೂ ಮೇಲೊಂದು ಕಾನೂನಿತ್ತು. ಮಾವು ಹೂಬಿಟ್ಟಾಗ ಬೆಂಕಿಯುಗುಳುವ ಸರ್ಪ ಬರಕೂಡದು, ಹೊಗೆಯಾಗುತ್ತದೆ. ಮಿಡಿ ಕಚ್ಚಿದ ಮೇಲೆ ಕೊಂಬೆಗೆ ಕತ್ತಿ ತಾಗಕೂಡದು. "ಮಿಡಿ ಉದುರ್ಸಿದ್ರೆ ರಾಜನಾದ್ರೂ ಸರಿ, ಬೇಲಿ ಆಚೆ" ಎಂದು ಮುನಿರಾಜು ಹೇಳಿಬಿಟ್ಟಿದ್ದ. ಅವನು ಆಟಕ್ಕೆಂದು ಆಡಿದ ಮಾತು ಅದೊಂದೇ. ಆಟದ ದಿನ ಮಜ್ಜಿಗೆಯ ಗಡಿಗೆಯನ್ನು ಬೇಲಿಯ ಹುಣಿಸೆ ಮರದ ಕೆಳಗೆ ಇಟ್ಟು, ಒಳಗೆ ಕಾಲಿಡದೆ ಹಿಂತಿರುಗುತ್ತಿದ್ದ.

ಒಳಗೆ ಅದನ್ನು ಹೊತ್ತು ತರುತ್ತಿದ್ದವರು ಜಯಮ್ಮ. ಅವರು ಮೇಘಾವತಿಯ ವೈದ್ಯೆ. ಗಾಯಗೊಂಡು ಬಿದ್ದವನಿಗೆ ವೈದ್ಯೆ ಔಷಧಿ ಕುಡಿಸಿ ಮಂತ್ರ ಹೇಳಿದರೆ ಮಾತ್ರ ಅವನು ಏಳಬಹುದು ಎಂಬುದು ಆಟದ ನಿಯಮ. ಔಷಧಿ ಮಜ್ಜಿಗೆ. ಮಂತ್ರವನ್ನು ನಾನು ಬಹಳ ಶ್ರಮಪಟ್ಟು ಸಂಸ್ಕೃತದಲ್ಲಿ ರಚಿಸಿಕೊಟ್ಟಿದ್ದೆ. ಮೊದಲ ಆಟದಲ್ಲಿ ಬಾಣ ತಾಗಿ ಬಿದ್ದ ದಿಲ್ಲಿಬಾಬುವಿನ ಮುಂದೆ ಲೋಟ ಹಿಡಿದು ನಿಂತ ಜಯಮ್ಮನವರಿಗೆ ನನ್ನ ಶ್ಲೋಕದ ಮೊದಲ ಅಕ್ಷರವೂ ನೆನಪಾಗಲಿಲ್ಲ. "ಎದ್ದೇಳ್ಲಾ, ಬಿಸ್ಲೇರ್ತು" ಎಂದುಬಿಟ್ಟರು. ಅವನು ಎದ್ದ. ಅಂದಿನಿಂದ ಅದೇ ಮಂತ್ರ. ನಾನು ಅಸಮಾಧಾನ ತೋರಿಸಿದಾಗ, "ನಮ್ಮನೇಲಿ ದಿನಾ ಬೆಳಗ್ಗೆ ಎಲ್ಲಾರ್ನೂ ನಮ್ ಯಜಮಾನ್ರು ಎಬ್ಸೋದೇ ಹಿಂಗೆ ಸಾರ್, ಬಾಯಿಗ್ ಬಂತು" ಎಂದು ನಕ್ಕರು. ಆ ಮೇಲೆ ಎಷ್ಟು ಜನ ಆ ಮಾತು ಕೇಳುವುದಕ್ಕಾಗಿಯೇ ಬೇಕೆಂದು ಬಾಣದ ದಾರಿಗೆ ಅಡ್ಡ ಬೀಳುತ್ತಿದ್ದರೋ ಹೇಳಲಾರೆ.

ಹೋದ ಮಳೆಗಾಲ ಕಳೆಯುವಷ್ಟರಲ್ಲಿ ಜಯಮ್ಮನವರಿಗೆ ಕಾಯಿಲೆ ಎಂದು ತಿಳಿಯಿತು. ಎಂಥ ಕಾಯಿಲೆ ಎಂದು ತಿಳಿದ ದಿನ ಸ್ಟಾಫ್ ರೂಮಿನಲ್ಲಿ ಇಂಗಿನ ವಾದ ನಿಂತಿತು. ಕಾರ್ತಿಕದ ಆಟಕ್ಕೆ ಮುಂಚೆ ಅವರೇ ಫೋನ್ ಮಾಡಿ, "ಲೋಕವಾರ್ತೇಲಿ ನನ್ನ ಸಾಯ್ಸ್‌ಬ್ಯಾಡಿ ಸಾರ್. ಎಲ್ಲಿಗಾದ್ರೂ ಕಳ್ಸಿ" ಎಂದರು. ವೈದ್ಯೆ ಸಂಜೀವಿನಿಯ ಬೇರು ತರಲು ನಾಟ್ರಾಂಪಾಳ್ಯದಾಚೆಯ ಬೆಟ್ಟಗಳಿಗೆ ಹೊರಟಿದ್ದಾಳೆ ಎಂದು ನಾನು ಬರೆದೆ. ಅವರು ಆ ದಿನ ಬಂದರು. ತಲೆಗೆ ಬಟ್ಟೆ ಸುತ್ತಿಕೊಂಡು, ಕಂಕುಳಲ್ಲಿ ಬುಟ್ಟಿ ಇಟ್ಟುಕೊಂಡು, ಮರಗಳ ಸಾಲಿನ ನಡುವೆ ಬೇಲಿಯವರೆಗೆ ಮೆಲ್ಲಗೆ ನಡೆದುಹೋದರು. ನಾವು ಉಳಿದವರೆಲ್ಲ ಸಾಲಾಗಿ ನಿಂತು ಜಯಕಾರ ಹಾಕಿದೆವು, ಶಂಖ ಊದಿದೆವು. ಬೇಲಿಯ ಹೊರಗೆ ಮುನಿರಾಜು ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದ. ಎಲ್ಲರಿಗೂ ಗೊತ್ತಿತ್ತು, ಯಾರೂ ಪಾತ್ರ ಬಿಟ್ಟು ಮಾತಾಡಲಿಲ್ಲ. ಆಟದಿಂದ ಏನು ಉಪಯೋಗ ಎಂದು ನನ್ನ ಹೆಂಡತಿ ಆಗಾಗ ಕೇಳುತ್ತಾಳೆ. ಆ ದಿನ ನನಗೆ ಉತ್ತರ ಸಿಕ್ಕಿತು, ಆದರೆ ಅವಳಿಗೆ ಹೇಳಲಾಗಲಿಲ್ಲ.

ಮಾವು ಹೂಬಿಡುವ ಮೊದಲೇ ಜಯಮ್ಮ ತೀರಿಕೊಂಡರು.

ವಸಂತದ ಲೋಕವಾರ್ತೆ ಬರೆಯಲು ಕುಳಿತಾಗ ನನಗೆ ಕೈ ಓಡಲಿಲ್ಲ. ವೈದ್ಯೆ ಸತ್ತಳೆಂದು ಬರೆಯಕೂಡದು, ಮಾತು ಕೊಟ್ಟಿದ್ದೇನೆ. ಬರುತ್ತಾಳೆಂದು ಬರೆದರೆ ಸುಳ್ಳು. ಕಡೆಗೆ ಹೀಗೆ ಬರೆದೆ: ಮೇಘಾವತಿಗೆ ಮಹಾಮಾರಿ ಬಂದಿದೆ. ಬೆಟ್ಟಕ್ಕೆ ಹೋದ ವೈದ್ಯೆ ಇನ್ನೂ ಮರಳಿಲ್ಲ. ಆಕೆಯ ಲೋಟವನ್ನು ಕೈಗೆತ್ತಿಕೊಳ್ಳಲು ಯಾರಿಗೆ ಬೇಕಾದರೂ ಅವಕಾಶವಿದೆ. ಹೊತ್ತು ಮುಳುಗುವುದರೊಳಗೆ ಯಾರೂ ಎತ್ತಿಕೊಳ್ಳದಿದ್ದರೆ ರಾಜ್ಯ ಅಳಿಯುತ್ತದೆ, ಆಟ ಅಲ್ಲಿಗೆ ಮುಗಿಯುತ್ತದೆ. ಕೊನೆಯ ಷರತ್ತನ್ನು ಹೆದರಿಸಲೆಂದು ಹಾಕಿದ್ದು. ವೈದ್ಯೆಯ ಪಾತ್ರಕ್ಕೆ ಹಿಂದೆ ಹಲವರು ಆಸೆಪಟ್ಟದ್ದು ನನಗೆ ಗೊತ್ತಿತ್ತು. ಅವಕಾಶ ಎಂಬ ಪದಕ್ಕೆ ತೆರಪು, ಬರಿದಾದ ಜಾಗ ಎಂಬ ಅರ್ಥವೂ ಇದೆಯೆಂದು ತರಗತಿಯಲ್ಲಿ ಹೇಳಿಕೊಟ್ಟವನು ನಾನೇ, ಆದರೂ ಅಂದು ಅದು ಹೊಳೆಯಲಿಲ್ಲ.

ಆಟದ ದಿನ ಲೋಟವನ್ನು ತೋಪಿನ ನಡುವಿನ ಕಲ್ಲಿನ ಮೇಲೆ ಇಟ್ಟೆ. ಒಬ್ಬೊಬ್ಬರೇ ಬಂದು ಅದನ್ನು ನೋಡಿದರು, ಮುಟ್ಟದೆ ಸರಿದರು, ಹೋಗಿ ಮರದ ಕೆಳಗೆ ರೋಗಿಯಾಗಿ ಮಲಗಿದರು. ಹೀಗೆ ನಿಶ್ಚಯಿಸಿಕೊಂಡು ಬಂದವರಲ್ಲ ಅವರು, ಒಬ್ಬರನ್ನು ಕಂಡು ಇನ್ನೊಬ್ಬರು ಮಲಗಿದರು. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ರಾಜ, ಸೇನಾಪತಿ, ಕಳ್ಳರು, ವರ್ತಕರು ಎಲ್ಲ ತರಗೆಲೆಯ ಮೇಲೆ ಅಂಗಾತ ಬಿದ್ದಿದ್ದರು. ನಾನು ದಿಲ್ಲಿಬಾಬುವಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಯಾರಾದರೂ ಏಳದಿದ್ದರೆ ಎಲ್ಲ ಮುಗಿದುಹೋಗುತ್ತದಲ್ಲಪ್ಪ ಎಂದು ಗೋಗರೆದೆ. ಅವನು ಕಣ್ಣು ಮುಚ್ಚಿಕೊಂಡೇ, "ಮುಗೀಲಿ ಬುಡಿ ಸಾರ್. ಬೇರೇರ್ ಎಬ್ಬಿಸಿದ್ರೆ ನಮ್ಗೆ ಏಳಾಕ್ ಇಷ್ಟ ಇಲ್ಲ" ಎಂದ. ಅವನ ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಮೇಘಾವತಿಯ ಪ್ರಜೆಗಳು ನನ್ನ ಮುಂದೆಯೇ ತಮ್ಮ ರಾಜ್ಯವನ್ನು ವೈದ್ಯೆಯ ಹಿಂದೆ ಕಳಿಸಿಕೊಡುತ್ತಿದ್ದರು. ನನಗೂ ಅಳು ಬಂತು.

ಹುಣಿಸೆ ಮರದ ಕೆಳಗಿನ ಗಡಿಗೆಯನ್ನು ತರಲು ಯಾರೂ ಹೋಗಿರಲಿಲ್ಲ. ಖಾಲಿ ಗಡಿಗೆ ಒಯ್ಯಲು ಬಂದ ಮುನಿರಾಜು ಅದು ತುಂಬಿಯೇ ಇರುವುದನ್ನು ಕಂಡು ಹೆಗಲ ಮೇಲಿಟ್ಟುಕೊಂಡು, ಆಟದ ದಿನ ಮೊದಲ ಸಲ, ಬೇಲಿ ದಾಟಿ ಒಳಗೆ ಬಂದ. ನೆಲದ ತುಂಬ ಬಿದ್ದವರನ್ನು ಕಂಡು ನಿಂತ.

"ಯಾಕ್ ಮೇಷ್ಟ್ರೇ, ಎಲ್ಲಾ ಹಿಂಗ್ ಬಿದ್ಕಂಡವ್ರೆ?"

"ಕಾಯಿಲೆ ಮುನಿರಾಜು. ಔಷಧಿ ಕೊಡೋರಿಲ್ಲ."

"ಇರುವೆ ಕಡೀತವೆ" ಎಂದು ಗೊಣಗಿಕೊಂಡು ಅವನು ಕಲ್ಲಿನ ಮೇಲಿದ್ದ ಲೋಟವನ್ನು ಎತ್ತಿಕೊಂಡ, ಗಡಿಗೆಯಿಂದ ತುಂಬಿಸಿದ, ದಿಲ್ಲಿಬಾಬುವಿನ ಮುಂದೆ ಬಗ್ಗಿದ. "ಎದ್ದೇಳ್ಲಾ, ಬಿಸ್ಲೇರ್ತು. ಕುಡಿ."

ದಿಲ್ಲಿಬಾಬು ಕಣ್ಣು ಬಿಟ್ಟ. ಎದ್ದು ಕೂತು, ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದ. ಮುನಿರಾಜು ಪಕ್ಕದವನ ಹತ್ತಿರ ಹೋದ, ಆಮೇಲೆ ಅವನ ಪಕ್ಕದವಳ ಹತ್ತಿರ. ಹೀಗೆ ಒಂದೊಂದೇ ಮರದ ಕೆಳಗೆ ಬಗ್ಗಿ ಬಗ್ಗಿ ಅದೇ ಮಾತು ಹೇಳುತ್ತ ಹೋದ, ಜನ ಒಬ್ಬೊಬ್ಬರಾಗಿ ಎದ್ದರು. ಎಲ್ಲ ಮುಗಿಸಿ ನನ್ನ ಹತ್ತಿರ ಬಂದಾಗ, ಅವರೆಲ್ಲ ಏಕೆ ಅಳುತ್ತಿದ್ದಾರೆಂದು ಅವನಿಗೆ ಹೇಳಲೇಬೇಕಾಯಿತು. ಇಲ್ಲಿ ಜಯಮ್ಮ ಎಲ್ಲರನ್ನೂ ಎಬ್ಬಿಸುತ್ತಿದ್ದದ್ದು ಆ ಮಾತಿನಿಂದಲೇ ಎಂದೆ. ಅವನಿಗೆ ಅದು ಗೊತ್ತಿರಲಿಲ್ಲ. ಗಡಿಗೆ ಬಗ್ಗಿಸಿ ನನಗೂ ಒಂದು ಲೋಟ ತುಂಬಿಸಿದ.

"ಆಸ್ಪತ್ರೇಲಿ ನಾನೂ ಅಂದೆ ಮೇಷ್ಟ್ರೇ. ಏಳಮ್ಮಿ, ಬಿಸ್ಲೇರ್ತು ಅಂತ. ಅವ್ಳು ಏಳ್ಲಿಲ್ಲ."

ಅವನು ಕೊಟ್ಟ ಲೋಟವನ್ನು ಇಸಿದುಕೊಂಡು ಕುಡಿದೆ. ಉಪ್ಪು ಹೆಚ್ಚಾಗಿತ್ತು. ಉಪ್ಪಿನ ಹಿಂದೆಯೇ ಇಂಗಿನ ಘಮ ಮೂಗಿಗೆ ಏರಿತು. ಚಕಿತನಾಗಿ ಅವನ ಮುಖ ನೋಡಿದೆ.

"ನೀವು ಇಂಗು ಬೇಕು ಅಂತಾ ಇದ್ರಂತಲ್ಲ. ಅವ್ಳು ಮನೇಲಿ ಬಂದು ಹೇಳಿ ನಗ್ತಿದ್ಲು" ಎಂದ ಮುನಿರಾಜು. "ಅದುಕ್ಕೇ ಹಾಕ್ದೆ. ಇನ್ ಬ್ಯಾಡ ಅನ್ನೋರು ಯಾರವ್ರೆ."

ಮೊನ್ನೆ ಮನೆಯಲ್ಲಿ ಮಜ್ಜಿಗೆಗೆ ಒಗ್ಗರಣೆ ಹಾಕುವಾಗ ಹೆಂಡತಿ ಎಂದಿನಂತೆ ಇಂಗಿನ ಡಬ್ಬಿ ತೆರೆದಳು. ಬೇಡ ಎಂದೆ. ಇಷ್ಟು ವರ್ಷ ತಲೆ ತಿಂದಿರಲ್ಲ, ಈಗೇನಾಯಿತು ಎಂದು ಕೇಳಿದಳು. ಇಂಗು ಸಾರಿಗೆ, ಮಜ್ಜಿಗೆಗೆ ಹಾಕಿದರೆ ಮಜ್ಜಿಗೆಯ ವಾಸನೆ ಎಲ್ಲಿ ಹೋಗುತ್ತದೆ ಎಂದೆ. ಅವಳು ಡಬ್ಬಿ ಮುಚ್ಚಿದಳು. ನನಗೆ ಇಂದಿಗೂ ಇಂಗಿಲ್ಲದ ಮಜ್ಜಿಗೆ ಸಪ್ಪೆಯೇ. ಲೋಟ ಪೂರ್ತಿ ಕುಡಿದೆ.