ಪರದೆಯ ಆಚೆ ಕೂತವನು

ದೊಡ್ಡ ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಕೋಪ. ತಮ್ಮನ ಮೇಲೆ ಮಾತ್ರ ಅದನ್ನು ಎಂದೂ ತೋರಿಸಿದವನಲ್ಲ. ಅಪ್ಪ ತೀರಿಕೊಂಡ ಮೇಲೆ ಗಾರೆ ಕಲಸುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವನು ಅವನೇ. ಮದುವೆಯಾಗಿ ತಮ್ಮ ಬೇರೆ ಗುತ್ತಿಗೆ ಹಿಡಿಯತೊಡಗಿದಾಗ ಬುದ್ಧಿ ಹೇಳಿದ: "ಟೆಂಡರ್ ಹಾಕೋದನ್ನ ಯಾರ ಹತ್ರಾನೂ ಬಾಯಿಬಿಡಬೇಡ. ನನ್ನ ಹತ್ರಾನೂ."

ಆಗ ಇದರಿಂದ ತೊಂದರೆಯಿರಲಿಲ್ಲ. ದರ ಬರೆದ ಲಕೋಟೆ ಹಿಡಿದು ಗುತ್ತಿಗೆದಾರರೆಲ್ಲ ಕಚೇರಿಯ ಮೆಟ್ಟಿಲ ಬಳಿ ಸೇರುತ್ತಿದ್ದರು. ಟೆಂಡರ್ ಡಬ್ಬಿಯ ಮುಂದೆ ತಮ್ಮನ ಮುಖ ಕಂಡರೆ ಅಣ್ಣ ತನ್ನ ಲಕೋಟೆಯನ್ನು ಮಡಚಿ ಜೇಬಿಗಿಳಿಸಿ, ಅವನಿಗೆ ಚಹಾ ಕುಡಿಸಿ ಮನೆಗೆ ಬರುತ್ತಿದ್ದ. ಕಾನೂನು ಏನನ್ನುತ್ತದೋ ಏನೋ, ಅವನ ಕರುಳಿಗೆ ಗೊತ್ತಿದ್ದದ್ದು ಅಷ್ಟೇ.

ಈಗ ಹರಾಜು ಕಂಪ್ಯೂಟರಿನಲ್ಲಿ. ಯಾರು ದರವನ್ನು ಹೆಚ್ಚು ಇಳಿಸುತ್ತಾರೋ ಕೆಲಸ ಅವರಿಗೆ. ಪರದೆಯ ಮೇಲೆ ಸದ್ಯದ ಕನಿಷ್ಠ ದರ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಆಸ್ಪತ್ರೆಯ ಹೊಸ ವಾರ್ಡಿನ ಹರಾಜಿಗೆ ಮಗಳು ಕೀಲಿಮಣೆಯ ಮುಂದೆ ಕೂತಿದ್ದಳು, ಮೇಸ್ತ್ರಿ ಅವಳ ಬೆನ್ನ ಹಿಂದೆ ನಿಂತಿದ್ದ. ಇವರು ಇಳಿಸಿದಷ್ಟೂ ಆಚೆ ಇನ್ಯಾರೋ ಇಳಿಸುತ್ತಿದ್ದರು.

"ಅಪ್ಪ, ಸಾಕು ಬಿಡಿ. ಇನ್ನೂ ಇಳಿಸಿದ್ರೆ ನಮಗೇನೂ ಗಿಟ್ಟಲ್ಲ."

"ಗಿಟ್ಟದಿದ್ರೆ ಬೇಡ. ಯಾವನೋ ಹಟಕ್ಕೆ ಬಿದ್ದಿದ್ದಾನೆ, ಅವನ ಸೊಕ್ಕು ಮುರೀಬೇಕು. ಇಳಿಸು."

ಕೊನೆಗೆ ಆಚೆಯವನು ಸುಮ್ಮನಾದ. ಮೇಸ್ತ್ರಿ ಗೆದ್ದೆನೆಂದು ಬೀಗಿದ.

ಮರುದಿನ ಫಲಿತಾಂಶದಲ್ಲಿ ಹೆಸರುಗಳು ಬಂದವು. ಮಗಳು ಓದಿ ಹೇಳಲಾರದೆ ಪರದೆಯನ್ನೇ ಅವನತ್ತ ತಿರುಗಿಸಿದಳು. ಎರಡನೆಯ ಸಾಲಿನಲ್ಲಿದ್ದವನು ತಮ್ಮ. ಬಹಳ ಕಾಲದಿಂದ ಕೆಲಸ ಸಿಗದೆ ಇದೊಂದನ್ನೇ ನಂಬಿದ್ದನೆಂದು ತಮ್ಮನ ಹೆಂಡತಿ ಫೋನಿನಲ್ಲಿ ಹೇಳಿದಳು. ಮೇಸ್ತ್ರಿ ಕೆಲಸವನ್ನು ತಮ್ಮನಿಗೆ ಬಿಟ್ಟುಕೊಡುತ್ತೇನೆಂದು ಕಚೇರಿಗೆ ಓಡಿದ. ಗುಮಾಸ್ತ ತಲೆಯೆತ್ತದೆ ಹೇಳಿದ: "ನೀವು ಬಿಟ್ರೆ ಎರಡನೆಯವರಿಗೆ ಹೋಗಲ್ಲ ಮೇಸ್ತ್ರಿ. ಮತ್ತೆ ಹರಾಜೇ, ಯಾರ ಪಾಲಾಗುತ್ತೋ. ನಿಮ್ಮನ್ನ ಮುಂದೆ ಯಾವ ಹರಾಜಿಗೂ ಸೇರಿಸಲ್ಲ, ಅಷ್ಟೇ."

ವಾರ್ಡಿನ ಪಾಯಕ್ಕೆ ಕಲ್ಲು ಕಟ್ಟುವ ದಿನ ಬೆಳಿಗ್ಗೆ, ಕೂಲಿಗೆ ಬಂದವರ ನಡುವೆ ತಮ್ಮ ನಿಂತಿದ್ದ. ಅವನ ಆಳುಗಳೆಲ್ಲ ಆಗಲೇ ಚದುರಿಹೋಗಿದ್ದರು.

"ಆಳು ಬೇಕಾ ಅಣ್ಣ?"

"ನೀನು ಅಂತ ಗೊತ್ತಿರ್ಲಿಲ್ಲ ಕಣೋ."

"ನನಗೂ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ನಾನೇ ಬಿಡ್ತಿದ್ದೆ."

ಮೇಸ್ತ್ರಿ ಹಟದಲ್ಲಿ ದರವನ್ನು ಎಷ್ಟು ಇಳಿಸಿದ್ದನೆಂದರೆ, ಒಬ್ಬನಿಗೂ ಪೂರ್ತಿ ಕೂಲಿ ಕೊಡುವ ಹಾಗಿರಲಿಲ್ಲ. ಬೇರೆಯವರಿಗೆ ಹೇಳಿದ ಕಡಿಮೆ ಕೂಲಿಯನ್ನೇ ತಲೆ ತಗ್ಗಿಸಿ ತಮ್ಮನಿಗೂ ಹೇಳಿದ. ತಮ್ಮ "ಆಯ್ತು" ಎಂದು ಚಪ್ಪಲಿ ಬಿಟ್ಟು ಪಾಯದ ಗುಂಡಿಗೆ ಇಳಿದ.